ಹಳೇ ಕಾರಿನ ರೇಡಿಯೇಟರಿಗೆ ಎಂಥಾ ನೀರು?

ಇಂಜಿನ್ನಿನ ಬಿಸಿ ಹೀರುವುದರಲ್ಲಿ ನೀರೇ ಮುಂದು. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಕಿಲೋಜೌಲ್ ಶಾಖ ಬೇಕು. ನೀರು ಹೆಪ್ಪುಗಟ್ಟದಂತೆ ಅದಕ್ಕೆ ಬೆರೆಸುವ ಆಂಟಿಫ್ರೀಜ್‌ನ ಮುಖ್ಯ ಸರಕಾದ ಎಥಿಲೀನ್ ಗ್ಲೈಕಾಲ್‌ಗೆ ಸುಮಾರು 2.4 ಸಾಕು. ಎರಡನೇ ಮಹಾಯುದ್ಧದ ಹೆಸರಾಂತ ವಿಮಾನ ಇಂಜಿನ್ ರೋಲ್ಸ್ ರಾಯ್ಸ್ ಮರ್ಲಿನ್‌ಗೆ ಮೊದಮೊದಲು ಬರೀ ಗ್ಲೈಕಾಲ್ ತುಂಬುತ್ತಿದ್ದರು. ಆಮೇಲಿನ ಮಾದರಿಗಳಿಗೆ 70 ಭಾಗ ನೀರು, 30 ಭಾಗ ಗ್ಲೈಕಾಲ್ ಬಂತು.

ಹಾಗಾದ್ರೆ ಸುಮ್ನೆ ನೀರು ಹಾಕಿದರೆ ಆಗಲ್ವಾ? ಚಳಿ ದೇಶದಲ್ಲಿ ಆಗಲ್ಲ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ, ಎರಕದ ಕಬ್ಬಿಣದ ಇಂಜಿನ್ ಬ್ಲಾಕ್ ಕೂಡ ಸೀಳುತ್ತದೆ. ಬೆಚ್ಚಗಿನ ಊರಲ್ಲೂ ತಪ್ಪಿಸಿಕೊಳ್ಳುವ ಹಾಗಿಲ್ಲ, ಯಾಕೆಂದರೆ ಅಲ್ಲಿ ಶತ್ರು ತುಕ್ಕು. ಬ್ಲಾಕ್ ಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಎಷ್ಟೋ ಸಲ ಅಲ್ಯೂಮಿನಿಯಂ, ರೇಡಿಯೇಟರ್ ತಾಮ್ರ-ಹಿತ್ತಾಳೆ, ಅದರ ಬೆಸುಗೆ ಸೀಸ-ತವರ. ಎಲ್ಲವೂ ಒಂದೇ ನೀರಲ್ಲಿ ಮುಳುಗಿರುವುದರಿಂದ ಅದೊಂದು ಬ್ಯಾಟರಿಯೇ ಆಗಿಬಿಡುತ್ತದೆ. ಮೊದಲು ಸವೆಯುವುದು ಅಲ್ಯೂಮಿನಿಯಂ. ವರ್ಷಗಟ್ಟಲೆ ಬರೀ ನೀರಲ್ಲಿ ಓಡಿದ ಇಂಜಿನ್ನಿನ ಬ್ಲಾಕಿನಿಂದ ನೀರು ಇಳಿಸುವ ನಲ್ಲಿಯನ್ನು ಬಿಚ್ಚಿ ನೋಡಿ. ಎಷ್ಟೋ ಸಲ ಹನಿಯೂ ಬರುವುದಿಲ್ಲ; ತಂತಿ ಹಾಕಿ ಕೆದಕಿದ ಮೇಲೆ ಕಂದು ಕೆಸರು ಇಳಿಯುತ್ತದೆ. ಆಂಟಿಫ್ರೀಜ್‌ನಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳಿಗೆ ನಾನು ಗ್ಲೈಕಾಲ್‌ಗಿಂತ ಜಾಸ್ತಿ ಬೆಲೆ ಕೊಡುತ್ತೇನೆ.

ಇನ್ನು ನೀರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಸಿ ಲೋಹದ ಮೇಲೆ ಬಿಳಿ ಪದರವಾಗಿ ಕೂತು ಶಾಖಕ್ಕೆ ಅಡ್ಡ ನಿಲ್ಲುತ್ತವೆ. ಉಪ್ಪಿನಿಂದ ಮೆದುಮಾಡುವ ಯಂತ್ರದ ನೀರೂ ಬೇಡ, ಅದರಲ್ಲಿ ಕ್ಲೋರೈಡ್ ಹಾಗೇ ಉಳಿದು ಲೋಹ ಕೊರೆಯುತ್ತದೆ. ಡಿಸ್ಟಿಲ್ಡ್ ಅಥವಾ ಡಿಅಯನೈಸ್ಡ್ ನೀರು ಹಾಕಿ.

ಆಂಟಿಫ್ರೀಜ್ ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಲ್ಲಾ ಬರೀ ಡೈ, ಎಲ್ಲರೂ ಪಾಲಿಸುವ ನಿಯಮ ಯಾವುದೂ ಇಲ್ಲ. ಡಬ್ಬಿ ಮೇಲಿನ ಬರಹ ಓದಿ. ಸಿಲಿಕೇಟ್ ಇರುವ ಹಳೇ ಮಾದರಿ, ಅಂದರೆ ಐಎಟಿ, ಲೋಹದ ಮೇಲೆ ಬೇಗ ಪದರ ಕಟ್ಟುತ್ತದೆ, ಆದರೆ ಎರಡು ವರ್ಷಕ್ಕೆ ಅದರ ಕಸುವು ಮುಗಿಯುತ್ತದೆ. ಸಾವಯವ ಆಮ್ಲದ ಓಎಟಿ ಐದು ವರ್ಷ ಬಾಳುತ್ತದೆ, ನಿಜ. ಆದರೆ ಹಳೇ ಬೆಸುಗೆ, ಹಳೇ ಸೀಲುಗಳ ಜೊತೆ ಅದು ಹೊಂದುವುದಿಲ್ಲ ಎಂಬ ದೂರು ಬಹಳ. ಹಿತ್ತಾಳೆ ರೇಡಿಯೇಟರ್ ಇದ್ದರೆ ನನ್ನ ಮತ ಐಎಟಿಗೆ. ಎರಡನ್ನೂ ಬೆರೆಸಲಂತೂ ಹೋಗಬೇಡಿ.

ನೀರು, ಆಂಟಿಫ್ರೀಜ್ ಅರ್ಧಕ್ಕರ್ಧ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟಲ್ಲ. ಶುದ್ಧ ಗ್ಲೈಕಾಲ್ ಮಾತ್ರ ಮೈನಸ್ 13ರ ಹೊತ್ತಿಗೇ ಗಟ್ಟಿಯಾಗುತ್ತದೆ! ಹಿಮ ಬೀಳದ ಕಡೆ ಮೂರನೇ ಒಂದು ಭಾಗ ಆಂಟಿಫ್ರೀಜ್ ಸಾಕು, ಶಾಖವೂ ಚೆನ್ನಾಗಿ ಇಳಿಯುತ್ತದೆ.

ಬದಲಿಸುವಾಗ ಕಾರಿನೊಳಗಿನ ಹೀಟರಿನ ನಲ್ಲಿಯನ್ನು ತೆರೆದಿಡಿ, ಇಲ್ಲದಿದ್ದರೆ ಹಳೇ ದ್ರವ ಅಲ್ಲೇ ಉಳಿಯುತ್ತದೆ. ಇಳಿಸಿದ್ದನ್ನು ಮುಚ್ಚಳವಿರುವ ಡಬ್ಬಿಗೇ ಹಾಕಿ. ಗ್ಲೈಕಾಲ್ ಸಿಹಿ, ಆದರೆ ವಿಷ. ನೆಲದಲ್ಲಿ ಚೆಲ್ಲಿದ್ದನ್ನು ನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ.