1969ರ ಕ್ಯಾಮರೋ: ಇಂಜಿನ್ ಅದೇ ಗಾಡಿಯದ್ದಾ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ 1969ರ ಶೆವರ್ಲೆ ಕ್ಯಾಮರೋ ಕಾರಿನ ಝಡ್/28 (ರೇಸಿಗೆ ಹೊಂದುವಂತೆ ಮಾಡಿದ ಮಾದರಿ) ಒಂದು ಮಾರಾಟಕ್ಕಿದೆ. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲ ಒರಿಜಿನಲ್ ಅಂತಾರೆ ಮಾಲೀಕರು. ಬ್ಲಾಕ್ (ಇಂಜಿನ್ನಿನ ಮುಖ್ಯ ಒಡಲು) ಮೇಲೆ 3970010 ಅನ್ನೋ ನಂಬರ್ ಇದೆ. ಇಷ್ಟು ಸಾಕಾ?

ಉತ್ತರ: ಸಾಲದು. ಅದು ಎರಕದ ನಂಬರ್, ಅಂದರೆ ಬ್ಲಾಕ್ ಹೊಯ್ಯುವಾಗ ಅಚ್ಚಿನಿಂದಲೇ ಮೂಡಿದ್ದು. ಬ್ಲಾಕ್ ಯಾವ ನಮೂನೆಯದ್ದು ಅಂತ ಹೇಳುತ್ತದೆಯೇ ಹೊರತು ನಿಮ್ಮ ಗಾಡಿಯದ್ದು ಅಂತ ಹೇಳುವುದಿಲ್ಲ. ಈ ನಂಬರಿನ ಬ್ಲಾಕುಗಳನ್ನು 1969ರಿಂದ 1979ರ ತನಕ ಹೊಯ್ದಿದ್ದಾರೆ. ಝಡ್/28ರ 302 ಕ್ಯೂಬಿಕ್ ಇಂಚಿನ ಇಂಜಿನ್ನಿಗೂ ಅದೇ, ಮಾಮೂಲಿ ಕಾರು, ಪಿಕಪ್‌ಗಳ 350ಕ್ಕೂ ಅದೇ. ಎರಡಕ್ಕೂ ಬೋರ್, ಅಂದರೆ ಸಿಲಿಂಡರಿನ ಅಗಲ, 4 ಇಂಚು. ವ್ಯತ್ಯಾಸ ಇರೋದು ಒಳಗಿನ ಕ್ರ್ಯಾಂಕ್‌ನಲ್ಲಿ: 302ರಲ್ಲಿ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 3 ಇಂಚು, 350ರಲ್ಲಿ 3.48 ಇಂಚು. ಟ್ರಾನ್ಸ್-ಆ್ಯಮ್ ರೇಸಿನಲ್ಲಿ 305 ಕ್ಯೂಬಿಕ್ ಇಂಚಿನ ಮಿತಿ ಇತ್ತು. ಅದರೊಳಗೆ ಬರಲಿ ಅಂತಲೇ 302 ಮಾಡಿದ್ದು.

ಈ ಗಾಡಿಯಲ್ಲಿ ಇಷ್ಟು ಕೆದಕಿ ನೋಡಲೇಬೇಕು. ಯಾಕಂದ್ರೆ 1969ರ ಕ್ಯಾಮರೋದ ಚಾಸಿ ನಂಬರ್ ಅದು ಝಡ್/28 ಹೌದೋ ಅಲ್ಲವೋ ಹೇಳುವುದೇ ಇಲ್ಲ. ಆರು ಸಿಲಿಂಡರಾ, ವಿ8ಆ ಅನ್ನೋದಷ್ಟೇ ಅದರಲ್ಲಿದೆ. ಸಾದಾ ವಿ8 ಗಾಡಿಗೆ ಪಟ್ಟೆ ಬಳಿದು, ಬ್ಯಾಡ್ಜ್ ಅಂಟಿಸಿ ದುಬಾರಿ ಬೆಲೆ ಹೇಳುವುದು ಕಷ್ಟವಲ್ಲ. ಹಳೇ ಕಾಗದಪತ್ರ ಕೈಗೆ ಸಿಗದಿದ್ದರೆ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳೇ ನಿಮ್ಮ ಮುಖ್ಯ ಸಾಕ್ಷಿ.

ಮೊದಲು ಎರಕದ ತಾರೀಖು ಹುಡುಕಿ. ಬ್ಲಾಕಿನ ಹಿಂತುದಿಯಲ್ಲಿ, ಬೆಲ್ ಹೌಸಿಂಗ್ (ಇಂಜಿನ್ನಿಗೆ ಗೇರ್‌ಬಾಕ್ಸ್ ಸೇರಿಸುವ ಕವಚ) ಕೂರುವ ಅಂಚಿನ ಮೇಲೆ, ಸಾಮಾನ್ಯವಾಗಿ ಪ್ಯಾಸೆಂಜರ್ ಕಡೆಗೆ (ಅಮೆರಿಕದ ಗಾಡಿಯಲ್ಲಿ ಬಲಗಡೆ) ಉಬ್ಬಿದ ಅಕ್ಷರಗಳಿರುತ್ತವೆ. ‘ಸಿ 3 9’ ಅಂತಿದೆ ಅಂದುಕೊಳ್ಳಿ. ಅಕ್ಷರ ತಿಂಗಳನ್ನು ಹೇಳುತ್ತದೆ: ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ನಡುವಿನದು ತಾರೀಖು, ಕೊನೆಯದು ವರ್ಷದ ಕೊನೇ ಅಂಕಿ. ಅಲ್ಲಿಗೆ ಇದು ಮಾರ್ಚ್ 3, 1969. ಆದರೆ 1979ಕ್ಕೂ ಕೊನೇ ಅಂಕಿ 9, ಅಲ್ವಾ? ನಿಮ್ಮ ಬ್ಲಾಕ್ ನಂಬರ್ ಎರಡೂ ವರ್ಷ ಇತ್ತು. ಹತ್ತು ವರ್ಷದ ಈ ಗೊಂದಲದಲ್ಲೇ ಎಷ್ಟೋ ಜನ ಬೀಳುತ್ತಾರೆ.

ಅದನ್ನು ಬಿಡಿಸೋದು ಪ್ಯಾಡ್. ಬ್ಲಾಕಿನ ಮುಂಭಾಗದಲ್ಲಿ, ಪ್ಯಾಸೆಂಜರ್ ಕಡೆಯ ಸಿಲಿಂಡರ್ ಹೆಡ್ ಮುಂದೆ, ಒಂದು ಸಣ್ಣ ಚಪ್ಪಟೆ ಜಾಗ ಇದೆ. ಇಲ್ಲಿನ ಅಕ್ಷರಗಳು ಉಬ್ಬಿದವಲ್ಲ, ಪಂಚ್ ಹೊಡೆದವು. ‘ವಿ0310ಡಿಝಡ್’ ಅಂತಿದ್ದರೆ ವಿ ಅಂದರೆ ಫ್ಲಿಂಟ್ ಕಾರ್ಖಾನೆ, 0310 ಅಂದರೆ ಇಂಜಿನ್ ಜೋಡಿಸಿದ್ದು ಮಾರ್ಚ್ 10ರಂದು. ‘ಡಿಝಡ್’ 1969ರ ಝಡ್/28ಕ್ಕೆ ಕೊಟ್ಟ ಗುರುತು. 1970ರ ಮಾಡೆಲ್‌ನಿಂದ ಈ ಗುರುತು ಮೂರು ಅಕ್ಷರದ್ದಾಯಿತು. ಹಾಗಾಗಿ ಮೂರಕ್ಷರ ಕಂಡರೆ ಇದು ನಿಮ್ಮ ಗಾಡಿಯ ಇಂಜಿನ್ ಅಲ್ಲ. ಪ್ಯಾಡ್ ಮೇಲೆ, ಅಲ್ಲಿಲ್ಲದಿದ್ದರೆ ಆಯಿಲ್ ಫಿಲ್ಟರ್ ಹತ್ತಿರ, ‘19ಎನ್’ ಅಂತ ಶುರುವಾಗುವ ಇನ್ನೊಂದು ನಂಬರ್ ಹುಡುಕಿ. 1 ಶೆವರ್ಲೆ, 9 ವರ್ಷ, ಎನ್ ಅಂದರೆ ಓಹಾಯೋದ ನಾರ್ವುಡ್ ಕಾರ್ಖಾನೆ. ವ್ಯಾನ್ ನೈಸ್‌ನಲ್ಲಿ ತಯಾರಾದದ್ದಾದರೆ ಎನ್ ಬದಲು ಎಲ್. ಮುಂದಿನ ಆರು ಅಂಕಿ ವಿಂಡ್‌ಶೀಲ್ಡ್ ಕೆಳಗೆ ಕಾಣುವ ಚಾಸಿ ನಂಬರಿನ ಕೊನೇ ಆರು ಅಂಕಿಗಳೇ ಆಗಿರಬೇಕು.

ಪ್ಯಾಡನ್ನು ದಯವಿಟ್ಟು ಮರಳು ಕಾಗದದಿಂದ ಉಜ್ಜಬೇಡಿ, ವೈರ್ ಬ್ರಷ್ ಕೂಡ ಬೇಡ. ಜಿಡ್ಡು ಕರಗಿಸುವ ದ್ರಾವಣ, ಮೆತ್ತನೆ ಬಟ್ಟೆ ಸಾಕು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಕಾರ್ಖಾನೆಯ ಮೆಷಿನ್ ಬಿಟ್ಟ ಕೂದಲೆಳೆಯಷ್ಟು ಸಣ್ಣ ಗೆರೆಗಳು ಮುಂದಿನಿಂದ ಹಿಂದಕ್ಕೆ ಸಾಲಾಗಿ ಹೋಗಿರುತ್ತವೆ. ಆ ಗೆರೆಗಳೇ ಇಲ್ಲದೆ ಪ್ಯಾಡ್ ನುಣ್ಣಗಿದ್ದು, ಅದರ ಮೇಲೆ ಅಕ್ಷರ ಮಾತ್ರ ಗರಿಗರಿಯಾಗಿದ್ದರೆ ಅನುಮಾನ ಪಡಿ. ಹಳೇ ನಂಬರ್ ಅಳಿಸಿ ಹೊಸದು ಹೊಡೆದಿರಬಹುದು. ‘ಸಿಇ’ ಅಂತ ಶುರುವಾಗುವ ನಂಬರ್ ಸಿಕ್ಕರೆ ಮಾತ್ರ ಮೋಸ ಅಂದುಕೊಳ್ಳಬೇಡಿ. ಅದು ಕಂಪನಿಯೇ ವಾರಂಟಿಯಲ್ಲಿ ಕೊಟ್ಟ ಬದಲಿ ಬ್ಲಾಕ್. ಆದರೂ ಗಾಡಿಯ ಜತೆ ಬಂದ ಇಂಜಿನ್ ಅದಲ್ಲ.

ಗೇರ್‌ಬಾಕ್ಸ್ ಮನ್ಸಿ ಕಾರ್ಖಾನೆಯ ನಾಲ್ಕು ಗೇರಿನದ್ದೇ ಇರಬೇಕು. ಅದರ ಮೇಲೆ ‘ಪಿ9ಸಿ08ಬಿ’ ಥರದ ಕೋಡ್ ಇರುತ್ತದೆ: ಪಿ ಮನ್ಸಿ, 9 ವರ್ಷ, ಸಿ ಮಾರ್ಚ್, 08 ತಾರೀಖು. ಕೊನೆಯ ಅಕ್ಷರ ಗೇರ್‌ಬಾಕ್ಸಿನ ನಮೂನೆ: ಎ ಅಂದರೆ ಎಂ20, ಬಿ ಅಂದರೆ ಎಂ21, ಸಿ ಅಂದರೆ ಎಂ22. ಇಲ್ಲೊಂದು ಎಡವಟ್ಟಿದೆ. ತಿಂಗಳ ಅಕ್ಷರ ಮೇ ತನಕ ಮಾತ್ರ ಬ್ಲಾಕಿನಂತೆಯೇ ಸಾಗುತ್ತದೆ. ಜೂನ್‌ಗೆ ಎಚ್, ಜುಲೈಗೆ ಕೆ, ಆಗಸ್ಟ್‌ಗೆ ಎಂ. ಇಂಜಿನ್ನಿನ ಪಟ್ಟಿ ಹಿಡಿದು ಗೇರ್‌ಬಾಕ್ಸ್ ಓದಿದರೆ ಜೂನ್ ತಿಂಗಳದ್ದು ಆಗಸ್ಟ್‌ನದ್ದಾಗಿ ಕಾಣುತ್ತದೆ. ಗೇರ್‌ಬಾಕ್ಸ್ ಮೇಲೂ ಚಾಸಿ ನಂಬರಿನ ತುಣುಕು ಇರುತ್ತದೆ, ಅದನ್ನೂ ಹೋಲಿಸಿ.

ಆಕ್ಸಲ್ ಸುಲಭ. ಹಿಂದಿನ ಮುಚ್ಚಳದಲ್ಲಿ 12 ಬೋಲ್ಟ್ ಇರಬೇಕು, ಹತ್ತಿದ್ದರೆ ಅದು ಝಡ್/28ರದ್ದಲ್ಲ. ಕೋಡ್, ತಾರೀಖು ಆಕ್ಸಲ್ ಟ್ಯೂಬ್ ಮೇಲಿರುತ್ತವೆ, ತುಕ್ಕು ತೆಗೆದು ನೋಡಬೇಕಾದೀತು. ಮಾಮೂಲಾಗಿ ಬರುತ್ತಿದ್ದ ರೇಶಿಯೋ 3.73, ಅಂದರೆ ದೊಡ್ಡ ಗೇರಾದ ಕ್ರೌನ್‌ಗೆ 41 ಹಲ್ಲು, ಚಿಕ್ಕ ಗೇರಾದ ಪಿನಿಯನ್‌ಗೆ 11.

ಇಷ್ಟೂ ತಾರೀಖನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ: ಬ್ಲಾಕ್ ಹೊಯ್ದದ್ದು, ಇಂಜಿನ್ ಜೋಡಿಸಿದ್ದು, ಗೇರ್‌ಬಾಕ್ಸ್, ಆಕ್ಸಲ್. ಕೊನೆಗೆ ಗಾಡಿ ತಯಾರಾದ ವಾರ. ಅದು ಬಾನೆಟ್ ಒಳಗೆ ಫೈರ್‌ವಾಲ್ (ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಮೇಲಿನ ತಗಡಿನಲ್ಲಿದೆ, ‘03ಡಿ’ ಅಂದರೆ ಮಾರ್ಚ್ ನಾಲ್ಕನೇ ವಾರ. ಯಾವ ಭಾಗದ ತಾರೀಖೂ ಗಾಡಿಯದ್ದಕ್ಕಿಂತ ಈಚಿನದಾಗಿರಬಾರದು. ಹಾಗಿದ್ದರೆ ಆ ಭಾಗ ಆಮೇಲೆ ಬಂದದ್ದು. ಹಾಗೆ ಒಂದು ಭಾಗ ಬದಲಾಗಿದ್ದರೂ ಗಾಡಿ ಚೆನ್ನಾಗಿಯೇ ಓಡೀತು, ಆದರೆ ಒರಿಜಿನಲ್‌ನ ಬೆಲೆ ಕೊಡಬೇಡಿ.