ರಸ್ತೆ ಅಗೆದು ನೋಡಿದ ಲೆಕ್ಕ

ಸಾರ್ವಜನಿಕ ಹಣದ ಲೆಕ್ಕಪರಿಶೋಧನೆ ಎಂದರೆ ಬಹುಮಟ್ಟಿಗೆ ಕಡತದ ಪರಿಶೀಲನೆ: ವೋಚರ್ ಇದೆಯೇ, ಬಿಲ್ಲಿಗೆ ಸಹಿ ಬಿದ್ದಿದೆಯೇ, ಕೊಟೇಶನ್ ಪಡೆಯಲಾಗಿದೆಯೇ. ಹಣ ನುಂಗುವವನು ಮೊದಲು ಸರಿಪಡಿಸಿಕೊಳ್ಳುವುದೂ ಈ ಕಾಗದಗಳನ್ನೇ ಆದ್ದರಿಂದ, ತೀರಾ ಅಚ್ಚುಕಟ್ಟಾದ ಕಡತವನ್ನು ಕಂಡರೆ ನನಗಂತೂ ಅನುಮಾನವೇ ಹೆಚ್ಚು.

ಕಾಗದವನ್ನು ಬದಿಗಿಟ್ಟು ಕಾಮಗಾರಿಯನ್ನೇ ಅಳೆದರೆ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ ಇಂಡೊನೇಷ್ಯಾದ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆಗಳಲ್ಲಿ ಪರೀಕ್ಷಿಸಿ, 2007ರಲ್ಲಿ ಪ್ರಕಟಿಸಿದರು. ಎಂಜಿನಿಯರುಗಳು ಮುಗಿದ ರಸ್ತೆಯನ್ನು ಅಲ್ಲಲ್ಲಿ ಅಗೆದು, ಕಲ್ಲು, ಮರಳು, ಜಲ್ಲಿ ನಿಜಕ್ಕೂ ಎಷ್ಟು ಬಿದ್ದಿದೆ ಎಂದು ಅಂದಾಜು ಮಾಡಿದರು. ಸಾಮಗ್ರಿಯ ದರವನ್ನು ವ್ಯಾಪಾರಿಗಳಿಂದ, ಕೂಲಿಯನ್ನು ಊರವರಿಂದ ವಿಚಾರಿಸಿ, ಬಂದ ಮೊತ್ತವನ್ನು ಲೆಕ್ಕಪತ್ರದ ಖರ್ಚಿನೊಂದಿಗೆ ಹೋಲಿಸಿದರು. ಕೆಲಸದಲ್ಲಿ ಒಂದಿಷ್ಟು ಸಾಮಗ್ರಿ ಚೆಲ್ಲಿಹೋಗುವುದು ಸಹಜ, ಅದನ್ನೂ ಕಳವಿನ ಲೆಕ್ಕಕ್ಕೆ ಹಾಕುವಂತಿಲ್ಲ. ಆದ್ದರಿಂದ ಸುರಿದ ಸಾಮಗ್ರಿಯ ಪ್ರಮಾಣ ಖಚಿತವಾಗಿ ಗೊತ್ತಿರುವ ಚಿಕ್ಕ ಪರೀಕ್ಷಾ ರಸ್ತೆಗಳನ್ನು ತಾವೇ ಹಾಕಿಸಿ, ಅವನ್ನೂ ಅಗೆದು, ಸಹಜ ನಷ್ಟ ಎಷ್ಟೆಂದು ತಿಳಿದುಕೊಂಡರು. ಈ ಇಡೀ ಅಧ್ಯಯನದಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು ಈ ಎಚ್ಚರಿಕೆಯೇ.

ಸಾಮಾನ್ಯವಾಗಿ ಒಂದು ಕಾಮಗಾರಿಗೆ ಸರ್ಕಾರಿ ಆಡಿಟ್ ಬರುವ ಸಂಭವ ಶೇ 4ರಷ್ಟಿತ್ತು. ಕೆಲವು ಹಳ್ಳಿಗಳಿಗೆ ಮಾತ್ರ ಆಡಿಟ್ ಬಂದೇ ಬರುತ್ತದೆಂದು ಕೆಲಸ ಶುರುವಾಗುವ ಮೊದಲೇ ತಿಳಿಸಲಾಯಿತು. ಅಲ್ಲಿ ಲೆಕ್ಕಕ್ಕೆ ಸಿಗದ ಖರ್ಚು ಸುಮಾರು 8 ಶೇಕಡಾ ಅಂಶಗಳಷ್ಟು ತಗ್ಗಿತು. ಊರಿನ ಸಭೆಗಳಿಗೆ ಹೆಚ್ಚು ಜನರನ್ನು ಕರೆಸಿದ ಪ್ರಯೋಗದಿಂದ ಒಟ್ಟಾರೆ ಅಂಥ ಲಾಭವೇನೂ ಆಗಲಿಲ್ಲ. ಆದರೆ ಆಡಿಟ್ ನಡೆದ ಕಡೆ ಇನ್ನೊಂದು ಬದಲಾವಣೆಯೂ ಕಂಡಿತು: ಕಾಮಗಾರಿ ನೋಡಿಕೊಳ್ಳುವವರ ನೆಂಟರಿಷ್ಟರಿಗೆ ಕೆಲಸ ಸಿಗುವುದು ಹೆಚ್ಚಾಯಿತು. ಒಂದು ಬಾಗಿಲು ಮುಚ್ಚಿದಾಗ ಕಿಟಕಿಯ ಕಡೆಗೂ ಕಣ್ಣಿಡಬೇಕಾಗುತ್ತದೆ.

ಎಲ್ಲ ಕಾಮಗಾರಿಗಳನ್ನೂ ಹೀಗೆ ಅಗೆಯುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಬ್ರೆಜಿಲ್ 2003ರಲ್ಲಿ ಇದಕ್ಕೆ ಸರಳ ಉಪಾಯ ಹುಡುಕಿತು: ಯಾವ ಪುರಸಭೆಗಳ ಲೆಕ್ಕ ನೋಡಬೇಕೆಂಬುದನ್ನು ಸಾರ್ವಜನಿಕವಾಗಿ ಲಾಟರಿ ಎತ್ತಿ ನಿರ್ಧರಿಸುವುದು. ಚೀಟಿ ಯಾರ ಹೆಸರಿಗೆ ಬೀಳುತ್ತದೋ ತಿಳಿಯದ ಕಾರಣ ಮೊದಲೇ ಸಜ್ಜಾಗಲು ಅವಕಾಶವಿಲ್ಲ, ವಿರೋಧಿಗಳನ್ನೇ ಗುರಿ ಮಾಡಿದರೆಂಬ ದೂರಿಗೂ ಆಸ್ಪದವಿಲ್ಲ. ವರದಿಗಳು ಪ್ರಕಟವಾದ ಮೇಲೆ 2004ರ ಚುನಾವಣೆಯಲ್ಲಿ ಭ್ರಷ್ಟ ಮೇಯರುಗಳು ಮತ ಕಳೆದುಕೊಂಡರು, ಸ್ಥಳೀಯ ರೇಡಿಯೊ ಇದ್ದ ಊರುಗಳಲ್ಲಿ ಇನ್ನೂ ಹೆಚ್ಚು. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂದೆ ಒಮ್ಮೆ ಆಡಿಟ್ ಆಗಿದ್ದ ಪುರಸಭೆಗಳಲ್ಲಿ ಮುಂದಿನ ಭ್ರಷ್ಟಾಚಾರ ಸುಮಾರು ಶೇ 8ರಷ್ಟು ಕಡಿಮೆಯಿತ್ತು. ಅದಕ್ಕೆ ಮುಖ್ಯ ಕಾರಣ ಸೋಲಿನ ಭಯಕ್ಕಿಂತ ಮೊಕದ್ದಮೆಯ ಭಯ. ಆದಕಾರಣ ಆಡಿಟ್ ಆಕ್ಷೇಪಣೆಗೆ ಉತ್ತರ ಬರೆದು ಕಡತ ಮುಗಿಸುವ ಪದ್ಧತಿಯನ್ನು ಉಳಿಸಿಕೊಂಡು ಪರಿಶೋಧಕರ ಸಂಖ್ಯೆಯನ್ನಷ್ಟೇ ಹೆಚ್ಚಿಸುವ ಸುಧಾರಣೆಯಲ್ಲಿ ನನಗೆ ಹೆಚ್ಚು ಭರವಸೆಯಿಲ್ಲ.