ನಾಯಿಮರಿಯ ನರಹುಲಿಯೂ ಸುಣ್ಣಕ್ಕೆ ಸಲ್ಲುವ ಕೀರ್ತಿಯೂ

ನಾಯಿಮರಿಯ ತುಟಿಯಂಚಿನಲ್ಲಿ ಹೂಕೋಸಿನ ಚೂರಿನಂಥ ನರಹುಲಿಗಳು ಎದ್ದರೆ ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯಲ್ಲಿ ಮದ್ದು ಹೇಳುವವರಿಗೆ ಬರವಿಲ್ಲ. ಊರಿನಿಂದ ಬಂದ ಹಿರಿಯರು ಸುಣ್ಣ ಹಚ್ಚಿ ಎನ್ನುತ್ತಾರೆ. ಕೂದಲೆಳೆ ಬಿಗಿಯಿರಿ ಎನ್ನುವವರೂ, ದೇವರಿಗೆ ಉಪ್ಪಿನ ಹರಕೆ ಹೊರುವವರೂ ಉಂಟು. ಎಲ್ಲರ ಮದ್ದೂ ಫಲಿಸಿದಂತೆ ಕಾಣುವುದೇ ಇಲ್ಲಿನ ತೊಡಕು. ಏನೂ ಮಾಡದಿದ್ದರೂ ಬಹುಪಾಲು ಮರಿಗಳಲ್ಲಿ ಒಂದರಿಂದ ಮೂರು ತಿಂಗಳೊಳಗೆ ಇವು ತಾವಾಗಿಯೇ ಉದುರುತ್ತವೆ. ಕೊನೆಗೆ ಮಾಡಿದ ಮದ್ದು ಯಾವುದೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಸುಣ್ಣದಿಂದ ಬಾಯಿ ಸುಡುವುದಂತೂ ನಿಜ.

ಈ ಗಂಟುಗಳು ಸಾಂಕ್ರಾಮಿಕವೆಂದು ಪಶುವೈದ್ಯರಾದ ಮ್ಯಾಕ್‌ಫೇಡಿಯನ್ ಮತ್ತು ಹಾಬ್‌ಡೇ 1898ರಲ್ಲೇ ನಾಯಿಯಿಂದ ನಾಯಿಗೆ ಹರಡಿಸಿ ತೋರಿಸಿದ್ದರು. ಕಾರಣವಾದ ಪ್ಯಾಪಿಲೋಮಾ ವೈರಸ್ ಸಣ್ಣ ಗೀರಿನ ಮೂಲಕ ಚರ್ಮದ ತಳಪದರಕ್ಕೆ ಇಳಿಯುತ್ತದೆ. ಅದು ರಕ್ತಕ್ಕೆ ಸೇರುವುದಿಲ್ಲ, ಜೀವಕೋಶವನ್ನು ಒಡೆಯುವುದಿಲ್ಲ, ಉರಿಯೂತ ಎಬ್ಬಿಸುವುದಿಲ್ಲ. ತನ್ನ ಹೊರಕವಚದ ಪ್ರೋಟೀನನ್ನು ಅದು ತಯಾರಿಸುವುದು ಕೋಶವು ಮೇಲ್ಪದರಕ್ಕೆ ಏರಿ ಇನ್ನೇನು ಕಳಚಿ ಬೀಳಲಿರುವಾಗ ಮಾತ್ರ; ಅಲ್ಲಿಗೆ ರೋಗನಿರೋಧಕ ಕೋಶಗಳ ಓಡಾಟ ತೀರ ಕಡಿಮೆ. ಇದು ಸಾಲದೆಂಬಂತೆ, ಎಚ್ಚರಿಕೆಯ ಸಂಕೇತವಾದ ಇಂಟರ್‌ಫೆರಾನನ್ನೂ ಅದರ ಪ್ರೋಟೀನುಗಳು ಅಡಗಿಸುತ್ತವೆ. ಹೀಗಾಗಿ ಸೋಂಕು ತಗುಲಿ ಒಂದೆರಡು ತಿಂಗಳಾದ ಮೇಲಷ್ಟೇ ಗಂಟು ಕಣ್ಣಿಗೆ ಬೀಳುತ್ತದೆ, ದೇಹಕ್ಕೆ ಸುಳಿವು ಸಿಗುವುದು ಇನ್ನೂ ತಡ.

ಸುಳಿವು ಸಿಕ್ಕ ಬಳಿಕ ಆಗುವುದು ಬಲು ಸೊಗಸು. ಕುಗ್ಗುತ್ತಿರುವ ಗಂಟಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅದರ ಬುಡದಲ್ಲಿ ಸಿಡಿ4 ಮತ್ತು ಸಿಡಿ8 ಎಂಬ ಬಗೆಯ ಟಿ ಕೋಶಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಕಿಕ್ಕಿರಿದಿರುವುದು ಕಾಣುತ್ತದೆ. ಇವು ದೇಹವಿಡೀ ಸಂಚರಿಸುವುದರಿಂದ ಬಾಯಲ್ಲಿನ ಗಂಟುಗಳು ಸಾಮಾನ್ಯವಾಗಿ ಒಟ್ಟಿಗೇ ಕರಗುತ್ತವೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಅಥವಾ ಸೈಕ್ಲೋಸ್ಪೋರಿನ್ ಔಷಧಿ ಪಡೆಯುತ್ತಿರುವ ನಾಯಿಗಳಲ್ಲಿ ಅವು ಮೊಂಡುಬಿದ್ದು ಉಳಿಯಬಹುದು, ಅಪರೂಪಕ್ಕೆ ಕ್ಯಾನ್ಸರಿಗೂ ತಿರುಗಬಹುದು. ಅಂಥವನ್ನು ಪಶುವೈದ್ಯರಿಗೆ ತೋರಿಸಲೇಬೇಕು.

ವೈರಸ್ಸಿಗೆ ಅಂಟಿಕೊಳ್ಳಲೆಂದು ದೇಹ ತಯಾರಿಸುವ ಪ್ರೋಟೀನುಗಳಾದ ಪ್ರತಿಕಾಯಗಳ ಕೆಲಸವೇ ಬೇರೆ. ಇದ್ದ ಗಂಟನ್ನು ಅವು ಅಳಿಸಲಾರವು, ಹೊಸ ಸೋಂಕನ್ನು ತಡೆಯುತ್ತವೆ. 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವೈರಸ್ಸಿನ ಟೊಳ್ಳು ಕವಚವನ್ನಷ್ಟೇ ಚುಚ್ಚಿಸಿಕೊಂಡ ನಾಯಿಗಳು ಸೋಂಕಿನಿಂದ ಪಾರಾದವು. ಅವುಗಳ ಪ್ರತಿಕಾಯಗಳನ್ನು ಪಡೆದ ಬೇರೆ ನಾಯಿಗಳಿಗೂ ರಕ್ಷಣೆ ಸಿಕ್ಕಿತು. ನಾಯಿಯ ಈ ವೈರಸ್ ಮನುಷ್ಯರಿಗೆ ಅಂಟದು, ಆದರೆ ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಮನುಷ್ಯರದೇ ಪ್ಯಾಪಿಲೋಮಾ ವೈರಸ್ಸಿಗೆ 2006ರಿಂದ ಬಂದ ಲಸಿಕೆಗಳು ನಿಂತಿರುವುದು ಇದೇ ಟೊಳ್ಳು ಕವಚದ ತತ್ತ್ವದ ಮೇಲೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿ 2022ರಲ್ಲಿ ಅನುಮತಿ ಪಡೆದ ಸರ್ವಾವ್ಯಾಕ್ ಕೂಡ ಅದೇ ಬಗೆಯದು. ತಗುಲಿಬಿಟ್ಟ ಸೋಂಕನ್ನು ಅದು ಕಳೆಯಲಾರದ್ದರಿಂದಲೇ 9 ವರ್ಷದ ಮಕ್ಕಳಿಂದಲೇ ಅದನ್ನು ಕೊಡಲು ಆರಂಭಿಸುತ್ತಾರೆ.